ಅಂಕಿ ಕಳಿಸುವ ಮುನ್ನ ಅಳತೆ ಸರಿಯಿರಲಿ

ಮಾನ್ಯರೇ,

ಬಿಪಿ, ಸಕ್ಕರೆ, ಆಮ್ಲಜನಕದ ಮಟ್ಟಗಳನ್ನು ಮನೆಯಲ್ಲೇ ಅಳೆದು ಮೊಬೈಲಿನಲ್ಲಿ ವೈದ್ಯರಿಗೆ ಕಳಿಸುವುದು ಈಗ ರೂಢಿಯಾಗಿದೆ. ಇದು ಸ್ವಾಗತಾರ್ಹ. ಆಸ್ಪತ್ರೆಗೆ ಬಂದ ಗಾಬರಿಗೇ ಬಿಪಿ ಏರುವವರಿದ್ದಾರೆ. ಅವರ ನಿಜವಾದ ಬಿಪಿ ತಿಳಿಯುವುದು ಮನೆಯ ಅಳತೆಯಿಂದ. ಆದರೆ ಆ ಅಂಕಿ ನೋಡಿಯೇ ಮಾತ್ರೆಯ ಪ್ರಮಾಣ ಏರುತ್ತದೆ, ಇಳಿಯುತ್ತದೆ. ಯಂತ್ರದ ಜೊತೆಗೆ ಆ್ಯಪ್ ಹಾಕಿಕೊಡುವವರು ಬೇಕಾದಷ್ಟಿದ್ದಾರೆ, ಅಳೆಯುವ ಕ್ರಮ ಕಲಿಸುವವರು ಕಡಿಮೆ.

ಹೆಚ್ಚು ಎಡವಟ್ಟಾಗುವುದು ಬಿಪಿ ಯಂತ್ರದ ಪಟ್ಟಿಯಲ್ಲಿ. ಅದರೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನಾದರೂ ಆವರಿಸಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ, ಬಿಪಿ ಇಲ್ಲದವರಿಗೂ ಇದೆಯೆಂದು ಯಂತ್ರ ತೋರಿಸಬಹುದು. ಆದ್ದರಿಂದ ಕೊಳ್ಳುವ ಮುನ್ನ ಭುಜ ಮತ್ತು ಮೊಣಕೈ ನಡುವಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು, ಪಟ್ಟಿಯ ಮೇಲೆ ಮುದ್ರಿಸಿದ ಮಿತಿಯೊಂದಿಗೆ ಹೋಲಿಸಬೇಕು.

ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ 5 ನಿಮಿಷ ಸುಮ್ಮನೆ ಕೂರಬೇಕು. ಪಾದಗಳು ನೆಲದ ಮೇಲಿರಲಿ, ಪಟ್ಟಿ ಬರಿ ತೋಳಿನ ಮೇಲಿರಲಿ, ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಲಿ. ಪಟ್ಟಿ ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಬಿಪಿ ಹೆಚ್ಚುಕಡಿಮೆ 8 ಅಂಕ ಹೆಚ್ಚು ಕಾಣುತ್ತದೆ. ನಡುವೆ ಮಾತಾಡಿದರೂ ಏರುತ್ತದೆ. ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ಒಂದು ನಿಮಿಷದ ಅಂತರದಲ್ಲಿ ಎರಡೆರಡು ಸಲ, ಹೀಗೆ 7 ದಿನ ಅಳೆದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ಹಲವು ಮಾರ್ಗಸೂಚಿಗಳ ಪ್ರಕಾರ ಚಿಕಿತ್ಸಾಲಯದಲ್ಲಿ ಮಿತಿ 140/90 ಆದರೆ ಮನೆಯ ಸರಾಸರಿಗೆ ಅದು 135/85. ಎದೆಬಡಿತ ಏರುಪೇರಾಗುವ ಕಾಯಿಲೆ ಇದ್ದವರಲ್ಲಿ ಈ ಯಂತ್ರಗಳ ಮೇಲೆ ಅಷ್ಟು ಭರವಸೆ ಇಡಲಾಗದು, ಅವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಕಡಿಮೆ ಬಂದ ಅಂಕಿಯನ್ನಷ್ಟೇ ಆರಿಸಿ ಕಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲವನ್ನೂ ತಾನಾಗಿಯೇ ರವಾನಿಸುವ ಯಂತ್ರ ಇದನ್ನು ತಪ್ಪಿಸುತ್ತದೆ ನಿಜ, ಆದರೆ ಬಳಕೆದಾರರನ್ನು ಬದಲಿಸುವ ಗುಂಡಿ ಒತ್ತಲು ಮರೆತರೆ ಗಂಡನ ಬಿಪಿ ಹೆಂಡತಿಯ ದಾಖಲೆಗೆ ಸೇರಿಬಿಡುತ್ತದೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೆಂಪು ಮತ್ತು ಅವಕೆಂಪು ಬೆಳಕನ್ನು ಹಾಯಿಸಿ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. ತಣ್ಣಗಿನ ಬೆರಳು, ನೇಲ್ ಪಾಲಿಶ್, ಅಲುಗಾಟ ಇವುಗಳಿಂದ ಲೆಕ್ಕ ಕೆಡುತ್ತದೆ. ಇನ್ನೂ ಗಂಭೀರವಾದದ್ದು ಮೈಬಣ್ಣದ ವಿಷಯ. ಆಮ್ಲಜನಕ ನಿಜವಾಗಿ ಕುಸಿದಿದ್ದರೂ ಯಂತ್ರ ಸರಿಯಿದೆ ಎಂದು ತೋರಿಸಿದ ಪ್ರಸಂಗಗಳು ಕಪ್ಪು ವರ್ಣೀಯರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಉಸಿರಾಟ ಕಷ್ಟವಾಗುತ್ತಿದ್ದರೆ 96 ಎಂದು ಕಂಡರೂ ಕಾಯಬಾರದು.

ತೋಳಿಗೆ ಅಂಟಿಸುವ ಸಕ್ಕರೆ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಹೀಗಾಗಿ ಸಕ್ಕರೆ ಬೇಗ ಏರಿಳಿಯುವಾಗ ಅದು ಕೆಲವು ನಿಮಿಷ ಹಿಂದಿರುತ್ತದೆ. ಅದರ ಮೇಲೆ ಒತ್ತಿ ಮಲಗಿದರೆ ಸಕ್ಕರೆ ಕುಸಿದಂತೆಯೂ ತೋರಿಸೀತು. ಮೈ ಹೇಳುವುದಕ್ಕೂ ಪರದೆ ಹೇಳುವುದಕ್ಕೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ನೋಡುವುದೇ ಸರಿ.

ಬಿಪಿ ದಾಖಲಿಸುವ ಆ್ಯಪ್‌ಗಳು ಪಟ್ಟಿಯ ಅಳತೆ, ಯಾವ ತೋಳು, ಮಾತ್ರೆಗೆ ಮೊದಲೋ ನಂತರವೋ ಎಂಬುದನ್ನೂ ಕೇಳಿ ಅಂಕಿಯ ಪಕ್ಕದಲ್ಲೇ ವೈದ್ಯರಿಗೆ ತೋರಿಸಬೇಕು. ದೂರದಿಂದ ಚಿಕಿತ್ಸೆ ನೀಡುವ ಆಸ್ಪತ್ರೆಗಳು ರೋಗಿಯಿಂದ ಒಮ್ಮೆ ತಮ್ಮೆದುರೇ ಅಳೆಯಿಸಿ, ತಪ್ಪು ತಿದ್ದಿ, ವರ್ಷಕ್ಕೊಮ್ಮೆ ಆ ಯಂತ್ರವನ್ನು ತಮ್ಮ ಯಂತ್ರದೊಂದಿಗೆ ತಾಳೆ ನೋಡಬೇಕು.