ಒಂದು ಕೇಸು ಮುಗಿಯಿತು, ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು

ಕಳೆದ ವಾರ ನನ್ನ ಒಂದು ಕೇಸಿನ ತೀರ್ಪು ಬಂತು. ಕಕ್ಷಿದಾರರಿಗೆ ಖುಲಾಸೆ ಆಯಿತು. ಕೋರ್ಟಿನಲ್ಲಿ ದಿನಾ ಆಗುವ ಸಂಗತಿ ಇದು, ಯಾರೂ ಇದಕ್ಕೆಲ್ಲ ಉದ್ದುದ್ದ ಬರೆಯುವುದಿಲ್ಲ. ಆದರೆ ಈ ಕೇಸನ್ನು ನಾನು ಬಿಟ್ಟೇ ಬಿಡುವುದರಲ್ಲಿದ್ದೆ. ಬಿಡದ ಹಾಗೆ ಮಾಡಿದವರು ಕೆಲವರಿದ್ದಾರೆ, ಅವರಲ್ಲಿ ಒಂದಿಬ್ಬರಿಗೆ ತಾವು ಏನು ಮಾಡಿದೆವು ಅಂತಲೇ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಮ್ಮ ರಸ್ತೆ ಅಪಘಾತದಲ್ಲಿ ಹೋಗಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅದಾಗಿ ಎಂಟು ತಿಂಗಳಿಗೆ ಕಾನೂನು ಸೇವಾ ಸಮಿತಿಯಿಂದ ನನಗೊಂದು ಫೈಲ್ ಬಂತು. ಅಲ್ಲಿಯ ವಕೀಲರ ಪಟ್ಟಿಯಲ್ಲಿ ನನ್ನ ಹೆಸರಿದೆ. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದವರಿಗೆ 1987ರ ಕಾಯ್ದೆಯಡಿ ಅವರೇ ವಕೀಲರನ್ನು ಕೊಡುತ್ತಾರೆ. ಆರೋಪಿ ಸರಕು ಗಾಡಿಯ ಡ್ರೈವರ್. ಬೆಳಗಿನ ಜಾವ ಸೈಕಲ್‌ನಲ್ಲಿ ಹೋಗುತ್ತಿದ್ದ ಹುಡುಗನಿಗೆ ಗಾಡಿ ಗುದ್ದಿತ್ತು, ಹುಡುಗ ಉಳಿಯಲಿಲ್ಲ. ಐಪಿಸಿ 279 ಮತ್ತು 304ಎ, ಅಂದರೆ ಅಜಾಗರೂಕ ಚಾಲನೆ ಮತ್ತು ನಿರ್ಲಕ್ಷ್ಯದಿಂದ ಸಾವು. ತಮ್ಮನ ಕೇಸೂ ಅದೇ ಸೆಕ್ಷನ್. ಚಾರ್ಜ್‌ಶೀಟ್‌ನಲ್ಲಿ ಅದೇ ಸಾಲು: 'ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು.' ಎಲ್ಲ ಅಪಘಾತದ ಚಾರ್ಜ್‌ಶೀಟ್‌ನಲ್ಲೂ ಈ ಸಾಲು ಅಚ್ಚು ಹೊಡೆದ ಹಾಗೆ ಇರುತ್ತದೆ, ನನಗೆ ಹೊಸದೇನಲ್ಲ. ಆದರೂ ಅವತ್ತು ಅಲ್ಲಿಂದ ಮುಂದೆ ಓದಲು ಆಗಲಿಲ್ಲ. ಫೈಲ್ ಮುಚ್ಚಿ ಕಪಾಟಿನಲ್ಲಿಟ್ಟೆ. ಮೂರು ವಾರ ಅದು ಅಲ್ಲೇ ಇತ್ತು.

304ಎಗೆ ಜಾಸ್ತಿ ಅಂದರೆ ಎರಡು ವರ್ಷ ಶಿಕ್ಷೆ. ಐಪಿಸಿ ಬದಲಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಅದು ಐದು ವರ್ಷಕ್ಕೆ ಏರಿದೆ, ಆದರೆ 2024ರ ಜುಲೈ 1ಕ್ಕಿಂತ ಮುಂಚಿನ ಘಟನೆಗಳಿಗೆ ಹಳೆಯದೇ. ವಕೀಲೆಯಾಗಿ ಎಷ್ಟೋ ಸಲ 'ಎರಡೇ ವರ್ಷ ಅಲ್ವಾ' ಅಂದವಳು ನಾನು. ಅಕ್ಕನಾಗಿ ಕೇಳಿದಾಗ ಆ 'ಎರಡೇ' ಬೇರೆ ಥರ ಕೇಳಿಸಿತು.

ಮೊದಲು ನನ್ನ ಸೀನಿಯರ್. ಸರ್, ಅವತ್ತು ನಿಮ್ಮ ಚೇಂಬರಿಗೆ ಬಂದಿದ್ದು ಅನುಮತಿ ಕೇಳೋಕಲ್ಲ, ಆಗಲೇ ತೀರ್ಮಾನ ಮಾಡಿಕೊಂಡೇ ಬಂದಿದ್ದೆ. ಆರೋಪಿ ತಪ್ಪು ಮಾಡಿದ್ದಾನೆ ಅಂತ ನಮಗೆ ಅನ್ನಿಸಿದರೂ ಅವನ ಪರ ನಿಲ್ಲಬೇಕು ಅನ್ನುತ್ತದೆ ಬಾರ್ ಕೌನ್ಸಿಲ್ ನಿಯಮ. ಒಪ್ಪಿಕೊಂಡ ಕೇಸನ್ನು ಸಾಕಷ್ಟು ಕಾರಣ, ನೋಟಿಸ್ ಇಲ್ಲದೆ ಬಿಡಬಾರದು ಅಂತಲೂ ಅನ್ನುತ್ತದೆ. ನನ್ನ ಹತ್ತಿರ ಕಾರಣ ಇತ್ತು. ಯಾರೂ ಬೇಡ ಅನ್ನುತ್ತಿರಲಿಲ್ಲ. ನೀವೂ ಅನ್ನಲಿಲ್ಲ. 'ಬಿಡಮ್ಮ, ತಪ್ಪೇನಿಲ್ಲ. ಆದರೆ ಯಾಕೆ ಬಿಡ್ತಿದ್ದೀಯ ಅಂತ ಅವನಿಗೆ ನೀನೇ ಹೇಳು, ಮೆಮೋ ಹಾಕಿ ಸುಮ್ನೆ ಹೋಗಬೇಡ' ಅಂದಿರಿ. ಅಷ್ಟೇ. ವಕೀಲರ ಸಂಘದಲ್ಲಿ ಬೇರೆಯವರು ಮಾತ್ರ ಸರ್ದಾರ್ ಪಟೇಲರ ಕಥೆ ಹೇಳಿದರು. 1909ರಲ್ಲಿ ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿಗೆ ಪಾಟೀ ಸವಾಲು ನಡೆಸುತ್ತಿದ್ದಾಗ ಹೆಂಡತಿ ತೀರಿಕೊಂಡ ಸುದ್ದಿಯ ಚೀಟಿ ಬಂತು, ಓದಿ ಜೇಬಿಗೆ ಹಾಕಿಕೊಂಡು ಕೆಲಸ ಮುಂದುವರಿಸಿದರು ಅಂತ. ನಾನೂ ಜೂನಿಯರ್‌ಗಳಿಗೆ ಈ ಕಥೆ ಹೇಳಿದ್ದೇನೆ. ಇನ್ನು ಹೇಳುವುದಿಲ್ಲ. ಅವರಿಗೆ ಆ ಮಧ್ಯಾಹ್ನ ಜೇಬು ಸಾಕಾಗಿರಬಹುದು. ಎಂಟು ತಿಂಗಳ ಮೇಲೂ ಹೊರಗೆ ಇಣುಕುವುದನ್ನು ಯಾವ ಜೇಬಿಗೆ ಹಾಕುವುದು?

ಎರಡನೆಯವರು ಆ ಡ್ರೈವರ್. (ಕಕ್ಷಿದಾರರು ನಮಗೆ ಹೇಳಿದ್ದನ್ನು ಕೇಸು ಮುಗಿದ ಮೇಲೂ ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವ ಹಾಗಿಲ್ಲ. ಇಷ್ಟು ಬರೆಯಲು ಅವರನ್ನು ಕೇಳಿದ್ದೇನೆ, 'ಬರೀರಿ ಮೇಡಂ, ಹೆಸರು ಬೇಡ' ಅಂದರು.) ಅವರಿಗೆ ಎಲ್ಲ ಹೇಳಿದೆ. ತಮ್ಮ ಹೋಗಿದ್ದು, ನಿಮ್ಮ ಫೈಲ್ ತೆರೆಯಲು ಆಗದಿದ್ದುದು, ಬೇರೆ ವಕೀಲರನ್ನು ಕೊಡಿಸುತ್ತೇನೆ ಅನ್ನುವುದು. ಅವರು ಸ್ವಲ್ಪ ಹೊತ್ತು ನೆಲ ನೋಡುತ್ತಾ ನಿಂತರು. ಆಮೇಲೆ ಕೇಳಿದ್ದು ಒಂದೇ ಮಾತು: 'ಮೇಡಂ, ನನ್ನ ಕಾಗದ ಯಾರಾದ್ರೂ ಪೂರ್ತಿ ಓದಿದ್ದಾರಾ?'

ನಾಚಿಕೆ ಆಯಿತು. ಅಯ್ಯೋ ಪಾಪ ಅಂತಾರೇನೋ, ಇಲ್ಲ ರೇಗುತ್ತಾರೇನೋ ಅಂದುಕೊಂಡಿದ್ದೆ. ಎರಡೂ ಅಲ್ಲ.

ಅವತ್ತು ರಾತ್ರಿ ಕೂತು ಪೂರ್ತಿ ಓದಿದೆ. ಮರಣೋತ್ತರ ವರದಿಯ ಪುಟಗಳನ್ನು ಎರಡು ಸಲ ಎದ್ದು ಹೋಗಿ ಬಂದು ಮುಗಿಸಿದೆ. ಆಮೇಲೆ ಬಂತು ಮೋಟಾರು ವಾಹನ ನಿರೀಕ್ಷಕರ ವರದಿ. ಮಧ್ಯದ ಒಂದು ಕಾಲಂನಲ್ಲಿ, ಗಾಡಿಯ ಮುಂಭಾಗ ಜಖಂ ಆಗಿದ್ದರಿಂದ ಬ್ರೇಕ್ ಪರೀಕ್ಷಿಸಲು ಆಗಿಲ್ಲ ಅಂತಿದೆ. ಕೊನೆಯ ಸಾಲಿನಲ್ಲಿ, ಅಪಘಾತ ಯಾಂತ್ರಿಕ ದೋಷದಿಂದ ಆಗಿದ್ದಲ್ಲ ಅಂತಿದೆ. ಪರೀಕ್ಷೆಯೇ ಮಾಡದೆ ದೋಷ ಇಲ್ಲ ಅಂದಿದ್ದು ಹೇಗೆ? ಬ್ರೇಕ್ ಹಿಡಿಯಲಿಲ್ಲ ಅಂತ ಈ ಮನುಷ್ಯ ಮೊದಲ ದಿನದಿಂದ ಹೇಳುತ್ತಲೇ ಇದ್ದರು. ಬ್ರೇಕ್ ನಿಜವಾಗಿ ಹೋಗಿತ್ತಾ? ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಇದನ್ನು ನೋಡಿದ ಮೇಲೆ ಫೈಲನ್ನು ಇನ್ನೊಬ್ಬರ ಕಪಾಟಿಗೆ ದಾಟಿಸಲು ಮನಸ್ಸಾಗಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಹೇಳಬೇಕಿತ್ತು. ಹೇಳಿದೆ. 'ಅಂಥವರ ಪರ ನಿಲ್ತೀಯಾ ನೀನು?' ಅಂದಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಿಲ್ಲ. ನನ್ನ ಹತ್ತಿರ ಅವಳಿಗೆ ಕೊಡುವಂಥ ಉತ್ತರ ಇರಲಿಲ್ಲ, ನಿಯಮ ಗಿಯಮ ಅಂತ ಅಮ್ಮನ ಮುಂದೆ ಓದೋಕಾಗುತ್ತಾ?

ಮೂರನೆಯವರು ತಮ್ಮನ ಕೇಸಿನಲ್ಲಿ ಆರೋಪಿಯ ಪರ ಇರುವ ವಕೀಲರು. ಹೌದು, ಅವರೇ. ಆ ಕೇಸು ಇನ್ನೂ ನಡೆಯುತ್ತಿದೆ, ಅದರ ಬಗ್ಗೆ ಜಾಸ್ತಿ ಬರೆಯಬಾರದು. ನಾನು ಅಲ್ಲಿ ಸಾಕ್ಷಿ. ಕಟಕಟೆಯಲ್ಲಿ ನಿಂತು ನಾನೂ ಅದೇ ಅಚ್ಚಿನ ಸಾಲು ಹೇಳಿದೆ: ಅತಿವೇಗವಾಗಿ ಬಂದು. ಇಷ್ಟು ವರ್ಷ ವಕೀಲಿಕೆ ಮಾಡಿ! ಅವರು ಎದ್ದು, 'ಕೂತ್ಕೊಂಡೇ ಹೇಳಿ ಮೇಡಂ' ಅಂದರು. ನೀರು ತರಿಸಿಕೊಟ್ಟರು. ಆಮೇಲೆ ಕೇಳಿದರು: 'ಅಪಘಾತವನ್ನು ನೀವು ಕಣ್ಣಾರೆ ನೋಡಿಲ್ಲ, ಅಲ್ವಾ?' ಇಲ್ಲ ಅಂದೆ. ಅಷ್ಟಕ್ಕೇ ಕೂತರು. ಮೊದಮೊದಲು ಅವರ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ ಕಾರಿಡಾರಿನಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದೆ. 1998ರಲ್ಲಿ ಕರ್ನಾಟಕದ ಒಂದು ಲಾರಿ ಕೇಸಿನಲ್ಲಿ, ಗಾಡಿ ಜೋರಾಗಿ ಬಂತು ಅಂದ ಮಾತ್ರಕ್ಕೆ ಅದು ಅಜಾಗರೂಕತೆ ಅಲ್ಲ, ಜೋರು ಅಂದರೇನು ಅಂತ ಪ್ರಾಸಿಕ್ಯೂಷನ್ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಲೆಕ್ಕವಿಲ್ಲದಷ್ಟು ಸಲ ಓದಿದ ತೀರ್ಪು. ಆ ವಕೀಲರ ಮೇಜಿನ ಮೇಲೆ ಅದರ ಜೆರಾಕ್ಸ್ ಕಂಡಾಗ ಹರಿದು ಹಾಕೋಣ ಅನ್ನಿಸಿತ್ತು.

ಇದಾಗಿ ಕೆಲವು ವಾರಕ್ಕೆ ನನ್ನ ಕೇಸಿನಲ್ಲಿ ಆ ಹುಡುಗನ ತಾಯಿ ಸಾಕ್ಷಿ ಹೇಳಲು ಬಂದರು. ಅವರು ಮೃತದೇಹ ಗುರುತಿಸಿದವರು, ಅಷ್ಟೇ. ಇಂಥ ಸಾಕ್ಷಿಗೆ ನಾವು ಸಾಮಾನ್ಯವಾಗಿ 'ಪಾಟೀ ಸವಾಲು ಇಲ್ಲ' ಅಂದುಬಿಡುತ್ತೇವೆ. ನಾನೂ ಅದನ್ನೇ ಹೇಳೋಣ ಅಂತ ಮನಸ್ಸಿನಲ್ಲಿ ಹತ್ತು ಸಲ ಅಂದುಕೊಂಡು ಬಂದಿದ್ದೆ. ಆದರೆ ಮುಖ್ಯ ವಿಚಾರಣೆಯಲ್ಲಿ ಅವರೂ ಅಂದರು, ಅತಿವೇಗವಾಗಿ ಬಂದು ನನ್ನ ಮಗನಿಗೆ ಗುದ್ದಿದ. ಪ್ರಶ್ನೆ ಮಾಡದೆ ಬಿಟ್ಟರೆ ಅದನ್ನು ನಾವು ಒಪ್ಪಿಕೊಂಡ ಹಾಗೆ. ಎದ್ದು ನಿಂತೆ. ಗಂಟಲು ಕಟ್ಟಿತು. ಆಗ ನೆನಪಾಗಿದ್ದು ಆ ವಕೀಲರು. 'ಕೂತ್ಕೊಂಡೇ ಹೇಳಿ ಅಮ್ಮ' ಅಂದೆ. ನೀರು ತರಿಸಿದೆ. 'ಅಪಘಾತವನ್ನು ನೀವು ಕಣ್ಣಾರೆ ನೋಡಿಲ್ಲ, ಅಲ್ವಾ?' ಅವರು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು, ನಾನೂ ಹಾಗೇ ನೋಡಿದ್ದೆ. 'ಇಲ್ಲ' ಅಂದರು. ನಾನು ಕೂತೆ. ಸರ್, ನಿಮಗೆ ಥ್ಯಾಂಕ್ಸ್. ತಮ್ಮನ ಕೇಸಿನಲ್ಲಿ ನೀವು ಸೋಲಲಿ ಅಂತಲೇ ನನಗೆ ಈಗಲೂ ಆಸೆ, ಅದು ಬೇರೆ ಮಾತು.

ಫೈಲ್ ತೆಗೆಯದೆ ಇದ್ದ ದಿನಗಳಲ್ಲಿ ತಾರೀಕು ತಪ್ಪದ ಹಾಗೆ ನೋಡಿಕೊಂಡ ನನ್ನ ಗುಮಾಸ್ತರಿಗೆ, ರಾತ್ರಿ ಲೈಟ್ ಹಾಕಿಕೊಂಡು ಕೂತರೂ ಏನೂ ಕೇಳದ ಗಂಡನಿಗೆ ಕೂಡ.

ತೀರ್ಪಿನ ದಿನ ಡ್ರೈವರ್ ಕೈಮುಗಿದು ಅತ್ತರು. ನನಗೆ ಖುಷಿ ಆಯಿತು ಅಂದರೆ ಪೂರ್ತಿ ನಿಜ ಅಲ್ಲ, ಆಗಲಿಲ್ಲ ಅಂದರೂ ಅಲ್ಲ. ಬಾಗಿಲ ಹತ್ತಿರ ಆ ತಾಯಿ ನಿಂತಿದ್ದರು. ಹತ್ತಿರ ಹೋಗಿ ಏನಾದರೂ ಹೇಳಬೇಕು ಅನ್ನಿಸಿತು. ಹೋಗಲಿಲ್ಲ. ನನ್ನ ಮಾತು ಅವರಿಗೆ ಯಾಕೆ ಬೇಕು?

ಸಂಜೆ ಮನೆಗೆ ಬಂದು ಅಮ್ಮನಿಗೆ, 'ಅವರಿಗೆ ಬಿಡುಗಡೆ ಆಯ್ತಮ್ಮ' ಅಂದೆ. ಅಮ್ಮ ಬಟ್ಟೆ ಮಡಚುತ್ತಿದ್ದಳು. ನಿಲ್ಲಿಸಲಿಲ್ಲ.

'ಆ ಹುಡುಗನ ತಾಯಿ ಬಂದಿದ್ಲಾ?'

'ಬಂದಿದ್ರು.'

'ಒಬ್ಳೇನಾ?'

ಇಲ್ಲಮ್ಮ, ಸರ್ಕಾರಿ ವಕೀಲರು ಜೊತೆಗಿದ್ರು, ಕೈ ಹಿಡಿದುಕೊಂಡು ಮೆಟ್ಟಿಲು ಇಳಿಸಿ ಗೇಟಿನ ತನಕ ಹೋದ್ರು ಅಂದೆ. ಅಮ್ಮ ಸರಿ ಅನ್ನುವ ಹಾಗೆ ತಲೆ ಆಡಿಸಿದಳು.

ಎಪಿಪಿ (ಸಹಾಯಕ ಸರ್ಕಾರಿ ವಕೀಲರು) ಮೇಡಂ, ಕೇಸು ಸೋತ ದಿನ ನಿಮಗೆ ಹತ್ತು ಕೆಲಸ ಇದ್ದವು, ನಾನು ಕಂಡಿದ್ದೇನೆ. ಆ ಮೆಟ್ಟಿಲುಗಳಿಗೆ ಥ್ಯಾಂಕ್ಸ್, ನನ್ನದೂ ಅಮ್ಮನದೂ.