ಗೇಟಿನಾಚೆಯ ಮಾತು

ಮಾನ್ಯ ಸಂಪಾದಕರೇ,

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಸಾರಿದ ಮೇಲೆ ನಮ್ಮ ಬೀದಿಯ ಸದ್ದೇ ಬದಲಾಯಿತು. ವಾಹನಗಳು ನಿಂತು, ಮೂರನೇ ಮನೆಯ ಕೆಮ್ಮೂ ಕೇಳಿಸತೊಡಗಿತು. (ಆ ಕೆಮ್ಮಿಗೆ ಕಿಟಕಿ ಮುಚ್ಚಿದವರಲ್ಲಿ ನಾನೂ ಒಬ್ಬ.) ಆ ತಿಂಗಳುಗಳಲ್ಲಿ ಮನುಷ್ಯರ ಓಡಾಟದಿಂದ ಹುಟ್ಟುವ ನೆಲದ ಕಂಪನವೂ ಶೇ 50ರವರೆಗೆ ತಗ್ಗಿದ್ದನ್ನು ಭೂಕಂಪಮಾಪಕಗಳು ದಾಖಲಿಸಿವೆ.

ಎದುರುಮನೆಯ ಹಿರಿಯರ ಜೊತೆ ಅಲ್ಲಿಯವರೆಗೆ ತಲೆಯಾಡಿಸುವಷ್ಟೇ ಪರಿಚಯವಿತ್ತು. ಆಮೇಲೆ ದಿನಾ ಸಂಜೆ ಅವರು ಗೇಟಿನಾಚೆ ನಿಂತು, ಮಾಸ್ಕನ್ನು ಗಲ್ಲಕ್ಕಿಳಿಸಿ, ‘ಎಲ್ಲ ಆರಾಮಾ?’ ಎಂದು ಕೂಗುತ್ತಿದ್ದರು. ಮಾಸ್ಕ್ ಇಳಿಸಿದ್ದು ತಪ್ಪೇ, ಆದರೆ ಅವರ ನಗು ಕಂಡಿದ್ದು ಆಗಲೇ. ಔಷಧಿ ತರಲು ಹೊರಟವರ ಕೈಯಲ್ಲಿ ನಾಲ್ಕು ಮನೆಯ ಚೀಟಿ ಇರುತ್ತಿತ್ತು. ತಂದ ಚೀಲವನ್ನು ಬಾಗಿಲ ಬಳಿ ಇಟ್ಟು, ಬೆಲ್ ಒತ್ತಿ, ಆರು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು.

ಈಗ ಹಾರ್ನ್ ಮರಳಿದೆ, ತಲೆಯಾಡಿಸುವುದೂ ಮರಳಿದೆ. ಆಗ ಮನೆಮನೆಯಿಂದ ಬರೆದುಕೊಂಡ ಫೋನ್ ನಂಬರಿನ ಪಟ್ಟಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಒಂಟಿಯಾಗಿರುವ ವೃದ್ಧರ ಸಲುವಾಗಿಯಾದರೂ ಬಡಾವಣೆಯ ಸಂಘಗಳು ಅಂಥದ್ದೊಂದು ಪಟ್ಟಿಯನ್ನು ಮತ್ತೆ ಮಾಡಬಾರದೇ?

– ಒಬ್ಬ ಓದುಗ