ನೀನು ಯಾರನ್ನು ನೋಡಿ ಕಿರುಚಿದೆ?

ಪ್ರೀತಿಯ ತಂಗೀ,

ನಿನ್ನ ಚಿತ್ರಕಥೆ ಕೈಸೇರಿ ಹನ್ನೊಂದು ದಿನ ಆಯಿತು. 96 ಪುಟ. ಮೊದಲ ಸಲ ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಎರಡನೇ ಸಲ ಓದಲಿಕ್ಕೆ ಒಂದು ವಾರ ಹಿಡಿಯಿತು, ಯಾಕೆಂದರೆ ನಡುನಡುವೆ ಸಿಟ್ಟು ಬರುತ್ತಿತ್ತು. ಇಷ್ಟು ಚೆನ್ನಾಗಿ ಬರೆಯುವ ಹುಡುಗಿ ಇಷ್ಟೊಂದು ಸುಳ್ಳು ಯಾಕೆ ಬರೆದಳು ಅಂತ.

ಮೊದಲು ನಿನ್ನ ಪತ್ರದ ಕೊನೆಯ ಸಾಲಿಗೆ ಉತ್ತರ. ಮೂರು ಕಡೆ ಕಳಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ, ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ. ಆ ಸಾಲನ್ನು ನೀನು ಬರೆದು, ಹೊಡೆದುಹಾಕಿ, ಮತ್ತೆ ಅದರ ಕೆಳಗೇ ಬರೆದದ್ದು ನೋಡಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ದೃಶ್ಯ ಎಷ್ಟು ಉದ್ದ ಇರಬೇಕು, ಇಂಟರ್ವಲ್ ಎಲ್ಲಿ ಬರಬೇಕು ಎಂಬುದನ್ನೆಲ್ಲ ಗೊತ್ತಿರುವವರು ಹೇಳಿಕೊಡುತ್ತಾರೆ, ನೀನೂ ಬೇಗ ಕಲಿಯುತ್ತೀಯ. ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಅದು ನಿನ್ನ 12ನೇ ಪುಟದ ಬಗ್ಗೆ.

ಅಲ್ಲಿ ನಿನ್ನ ನಾಯಕಿಗೆ 27 ವರ್ಷ. ಸುರತ್ಕಲ್ಲಿನ ಮನೆ ಬಿಟ್ಟು ಬೆಂಗಳೂರಿನಲ್ಲಿ ಕೆಲಸಕ್ಕೆ ಇದ್ದಾಳೆ. ಒಂದು ರಾತ್ರಿ ಕಿರುಚಿ ಏಳುತ್ತಾಳೆ. ಆಗ ಅವಳಿಗೆ ಐದನೇ ವಯಸ್ಸಿನ ರಾತ್ರಿಗಳು ನೆನಪಾಗುತ್ತವೆ. ಕಪಾಟಿನ ಬಾಗಿಲು ತೆರೆಯುತ್ತದೆ, ಉದ್ದ ಬೆರಳಿನ ಕಪ್ಪು ಆಕೃತಿ ಹೊರಗೆ ಬರುತ್ತದೆ, ಮಗು ಅದನ್ನು ನೋಡುತ್ತದೆ. 'ಅಂದು ನಾನು ಕಂಡಿದ್ದು ಇದನ್ನೇ' ಅಂತ ಹಿನ್ನೆಲೆಯಲ್ಲಿ ಅವಳ ಧ್ವನಿ.

ನಿಜ ಹೇಳು. ನೀನು ಅದನ್ನು ಕಂಡಿದ್ದೀಯಾ?

ಇದು ನಿನ್ನದೇ ಕಥೆ ಅಂತ ಪತ್ರದಲ್ಲಿ ನೀನೇ ಬರೆದಿದ್ದೀಯ. ಚಿಕ್ಕವಳಿದ್ದಾಗ ರಾತ್ರಿ ಕಿರುಚುತ್ತಿದ್ದೆ, ಹತ್ತು ವರ್ಷವಾಗುವಾಗ ನಿಂತಿತು, ಈಗ ಮತ್ತೆ ಶುರುವಾಗಿದೆ, ರೂಮ್‌ಮೇಟ್ ಹೇಳಿದ ಮೇಲೆ ಗೊತ್ತಾಯಿತು ಅಂತ. ಕೊನೆಯ ಮಾತನ್ನು ನೋಡು. ರೂಮ್‌ಮೇಟ್ ಹೇಳಿದ ಮೇಲೆ ಗೊತ್ತಾಯಿತು! ನಿನ್ನ ಇಡೀ ಸಿನಿಮಾ ಆ ಸಾಲಿನಲ್ಲಿದೆ. ಅದನ್ನು ಪತ್ರದಲ್ಲಿ ಬಿಟ್ಟು, ಕಪಾಟಿನೊಳಗಿನ ಬೆರಳನ್ನು ಎಲ್ಲಿಂದಲೋ ತಂದು ಚಿತ್ರಕಥೆಗೆ ಹಾಕಿದ್ದೀಯ.

ವೈದ್ಯರು ನೈಟ್ ಟೆರರ್ ಅನ್ನುವುದಕ್ಕೆ ನಮ್ಮ ಮನೆಗಳಲ್ಲಿ ಮಗು ಬೆಚ್ಚಿತು ಅನ್ನುತ್ತೇವೆ. ಅದು ಕೆಟ್ಟ ಕನಸಲ್ಲ. ಕೆಟ್ಟ ಕನಸು ಹೆಚ್ಚಾಗಿ ಬೆಳಗಿನ ಜಾವದ ಕಡೆಗೆ ಬೀಳುತ್ತದೆ. ಎಚ್ಚರಾದ ಮಗು ಅಮ್ಮನನ್ನು ತಬ್ಬಿಕೊಂಡು ಹುಲಿ ಬಂತು, ಕಳ್ಳ ಬಂದ ಅಂತ ಹೇಳುತ್ತದೆ. ಬೆಚ್ಚುವುದು ಹಾಗಲ್ಲ. ಅದು ಗಾಢ ನಿದ್ದೆಯ ಒಳಗಿಂದ ಬರುತ್ತದೆ, ಸಾಮಾನ್ಯವಾಗಿ ಮಲಗಿ ಒಂದರಿಂದ ಮೂರು ಗಂಟೆಯೊಳಗೆ. ಮಗು ಎದ್ದು ಕೂರುತ್ತದೆ, ಕಣ್ಣು ಪೂರ್ತಿ ತೆರೆದಿರುತ್ತದೆ, ಬೆವರುತ್ತದೆ, ಎದೆ ಡವಗುಟ್ಟುತ್ತದೆ. ಅಮ್ಮ ಹಿಡಿಯಲಿಕ್ಕೆ ಹೋದರೆ ಅವಳನ್ನೇ ದೂಡುತ್ತದೆ. ಕೆಲವು ನಿಮಿಷ ಅಷ್ಟೇ. ಮತ್ತೆ ಮಲಗುತ್ತದೆ. ಬೆಳಗ್ಗೆ ಕೇಳಿದರೆ ಹೆಚ್ಚಾಗಿ ಏನೂ ನೆನಪಿಲ್ಲ. ದೋಸೆ ತಿಂದು ಶಾಲೆಗೆ ಹೋಗುತ್ತದೆ.

ನೆನಪು ಉಳಿಯುವುದು ಪಕ್ಕದಲ್ಲಿ ಕೂತವರಿಗೆ.

ಅದಕ್ಕೇ 12ನೇ ಪುಟ ನೋಡಿ ನನಗೆ ಸಿಟ್ಟು ಬಂದದ್ದು. ನಿನ್ನ ಬಳಿ ಇಲ್ಲದ ನೆನಪನ್ನು ನೀನು ನಾಯಕಿಗೆ ಕೊಟ್ಟೆ. ಯಾರ ಬಳಿ ನಿಜವಾದ ನೆನಪಿದೆಯೋ ಆ ಅಮ್ಮನಿಗೆ 96 ಪುಟದಲ್ಲಿ ನಾಲ್ಕು ಮಾತು ಕೊಟ್ಟಿದ್ದೀಯ. ಅದರಲ್ಲಿ ಎರಡು ಬರೀ 'ಊಟ ಆಯ್ತಾ'.

ಇದನ್ನು ನಾನು ಹೇಳಲಿಕ್ಕೆ ಕಾರಣ ಇದೆ. ನಾನೂ ಬೆಚ್ಚುತ್ತಿದ್ದ ಮಗು. ಉದ್ಯಾವರದ ಹೊಳೆಯ ಹತ್ತಿರ ನಮ್ಮದು ಹಂಚಿನ ಮನೆ. ಆಟಿ ತಿಂಗಳ ಮಳೆ, ಮೂಲೆಯಲ್ಲಿ ಚಿಮಣಿ ದೀಪ, ನಾಲ್ಕು ಜನ ಮಕ್ಕಳು ಒಂದೇ ಚಾಪೆಯಲ್ಲಿ. ನನಗೆ ಆರು ವರ್ಷ ಆಗುವವರೆಗೂ ವಾರಕ್ಕೆ ಎರಡು ರಾತ್ರಿ ಅದೇ ಕಥೆಯಂತೆ. ಆಯಿತಂತೆ, ಹೋಯಿತಂತೆ ಅಂತಲೇ ಹೇಳಬೇಕು, ಯಾಕೆಂದರೆ ನನಗೆ ಒಂದೂ ನೆನಪಿಲ್ಲ. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು, ಕೈಗೆ ನೂಲು ಕಟ್ಟಿಸಿದರು. ನೂಲು ಮಾತ್ರ ನೆನಪಿದೆ. ಕಪ್ಪು ನೂಲು, ಸ್ನಾನ ಮಾಡಿದ ಮೇಲೆ ತುರಿಸುತ್ತಿತ್ತು.

1986ರಲ್ಲಿ ನಾನು ಅದರ ಬಗ್ಗೆ ಒಂದು ಕಥೆ ಬರೆದೆ. ಅಟ್ಟದಿಂದ ಇಳಿದು ಬರುವ ಮುದುಕಿ, ಅವಳ ಬಿಳಿ ಕಣ್ಣು, ಅವಳನ್ನು ಕಂಡು ಕಿರುಚುವ ಹುಡುಗ. ಎಲ್ಲವೂ ನಾನು ಕಟ್ಟಿದ್ದು. ಆದರೆ ಬಾಲ್ಯದ ಸತ್ಯ ಅನುಭವ ಅಂತ ಹೇಳಿಕೊಂಡೆ. ಒಂದು ವಾರಪತ್ರಿಕೆಯಲ್ಲಿ ಬಂತು. ಅದಕ್ಕೆ ಬಹುಮಾನವೂ ಬಂತು. ತೀರ್ಪುಗಾರರೊಬ್ಬರು ವೇದಿಕೆಯಲ್ಲಿ ನನ್ನ ಬೆನ್ನು ತಟ್ಟಿ, ನೆನಪನ್ನು ಇಷ್ಟು ಪ್ರಾಮಾಣಿಕವಾಗಿ ಬರೆಯುವವರು ಕಡಿಮೆ ಎಂದರು. ಆ ಹೊಗಳಿಕೆಯನ್ನು ನಾನು ಸ್ವೀಕರಿಸಿದೆ. ಮುಂದಿನ ಹತ್ತು ವರ್ಷ ಅಂಥ ಕಥೆಗಳನ್ನೇ ಬರೆದೆ. ಹೊಗಳಿದವರ ಮೇಲೆ ಇವತ್ತಿಗೂ ನನಗೆ ಕೋಪ ಹೋಗಿಲ್ಲ. ಅವರಲ್ಲಿ ಒಬ್ಬರಾದರೂ, ಇದು ನಿಜವಾ ಮಾರಾಯಾ ಅಂತ ಒಮ್ಮೆ ಕೇಳಬಹುದಿತ್ತು.

ಕೇಳಿದ್ದು ಅಮ್ಮ. ಅವಳು ಮೂರನೇ ಕ್ಲಾಸು ಓದಿದವಳು. ಪತ್ರಿಕೆಯನ್ನು ಜಗಲಿಯಲ್ಲಿ ಕೂತು, ಅಕ್ಷರಕ್ಕೆ ಬೆರಳಿಟ್ಟು, ಮಧ್ಯಾಹ್ನವಿಡೀ ಓದಿದಳು. ಓದಿ ಮಡಚಿ ಇಟ್ಟಳು. ಆಮೇಲೆ ಹೇಳಿದಳು. 'ಅಟ್ಟದಲ್ಲಿ ಯಾವ ಮುದುಕಿಯೂ ಇರಲಿಲ್ಲ ಮಗಾ. ನೀನು ನನ್ನನ್ನು ನೋಡಿ ಕಿರುಚುತ್ತಿದ್ದೆ.'

ನಾನು ಮುಂದೆ ಏನೂ ಕೇಳಲಿಲ್ಲ. ನಾಚಿಕೆ ಆಗಿತ್ತು. ಆಮೇಲೆ ಕೇಳಿದರಾಯಿತು ಅಂತ ಬಿಟ್ಟೆ. 1994ರಲ್ಲಿ ಅವಳು ಹೋದಳು.

ಈಗ ನನ್ನ ಬಳಿ ಉಳಿದಿರುವುದು ಆ ಒಂದು ಮಾತು. ನಿನ್ನ ಚಿತ್ರಕಥೆ ಓದುವಾಗ ಅದನ್ನೇ ಯೋಚಿಸುತ್ತಿದ್ದೆ. ಚಿಕ್ಕವನಿದ್ದಾಗ ಗದ್ದೆಯಲ್ಲಿ ಯಕ್ಷಗಾನದ ಆಟ ನೋಡಲಿಕ್ಕೆ ಹೋಗುತ್ತಿದ್ದೆವು. ನಡುರಾತ್ರಿ ಬಣ್ಣದ ವೇಷ ಬರುವಾಗ ಮೊದಲು ತೆರೆಯ ಹಿಂದೆ ಆರ್ಭಟ ಕೇಳುತ್ತಿತ್ತು, ಆಮೇಲೆ ತೆರೆಯ ಮೇಲೆ ಕಿರೀಟದ ತುದಿ, ರಾಳದ ಪುಡಿ ಎರಚಿದಾಗ ಭಗ್ಗೆನ್ನುವ ಬೆಂಕಿ. ನಾನು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದೆ. ರಾಕ್ಷಸನಿಗೆ ಹೆದರಿದರೆ ಹೋಗಲಿಕ್ಕೆ ಒಂದು ಜಾಗ ಇತ್ತು, ಅಲ್ವಾ? ಆದರೆ ಅದೇ ಹುಡುಗ ಮನೆಗೆ ಬಂದು, ಮಲಗಿ, ನಿದ್ದೆಯಲ್ಲಿ ಅದೇ ಅಮ್ಮನನ್ನು ನೋಡಿ ಗೋಡೆಗೆ ಒತ್ತಿಕೊಂಡು ಕಿರುಚುತ್ತಾನೆ. ಅವಳು ಏನು ಮಾಡಬೇಕು? ಹತ್ತಿರ ಹೋದರೆ ಜಾಸ್ತಿ ಆಗುತ್ತದೆ. ಬಿಟ್ಟರೆ ಎಲ್ಲಿ ಬೀಳುತ್ತಾನೋ. ಮಗುವಿನ ಕಣ್ಣಿನಲ್ಲಿ ತಾನೇ ಏನಾಗಿ ಕಾಣುತ್ತಿದ್ದೇನೆ ಅಂತ ಅವಳಿಗೆ ಗೊತ್ತಿಲ್ಲ. ಬೆಳಗ್ಗೆ ಅವನು ಎಲ್ಲ ಮರೆತು 'ಅಮ್ಮಾ' ಅಂತ ಬರುತ್ತಾನೆ. ಅವಳು ಮರೆಯುವುದಿಲ್ಲ. ಇದನ್ನು ನೋಡಲಿಕ್ಕೆ ನನಗೆ ಧೈರ್ಯ ಬೇಕು. ನಿನ್ನ ಕಪಾಟು ನೋಡಲಿಕ್ಕೆ ಬೇಡ.

ಮತ್ತೆ 41ರಿಂದ 63ನೇ ಪುಟ. ಇಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಕುಟುಂಬದ ಮನೆಯಲ್ಲಿ ಸೇವೆ ನಿಂತುಹೋದ ದೈವ ಮುನಿದು ಹುಡುಗಿಯ ನಿದ್ದೆಗೆ ನುಗ್ಗುತ್ತದೆ ಅಂತ ಬರೆದಿದ್ದೀಯ. ನೀನು ಈ ಮಣ್ಣಿನವಳು. ನಮ್ಮಲ್ಲಿ ಭೂತ ಅಂದರೆ ದೆವ್ವ ಅಲ್ಲ ಅಂತ ನಿನಗೆ ನಾನು ಹೇಳಿಕೊಡಬೇಕಾ? ಹೆದರಿದ ಮಗುವನ್ನು ಎತ್ತಿಕೊಂಡು ಹೋಗಿ ಕೋಲದಲ್ಲಿ ದೈವದ ಎದುರು ನಿಲ್ಲಿಸುತ್ತಾರೆ, ನಾನಿದ್ದೇನೆ ಅಂತ ಅಭಯದ ನುಡಿ ಕೇಳಲಿಕ್ಕೆ. ದೈವ ಮುನಿಯುತ್ತದೆ, ನಿಜ. ಆದರೆ ನೀನು ಅದನ್ನು ತಂದದ್ದು ಕಾರಣ ಬೇಕಿತ್ತು ಅಂತ ಮಾತ್ರ. ಅಷ್ಟೂ ಪುಟ ತೆಗೆದುಬಿಡು.

70ನೇ ಪುಟದಲ್ಲಿ ಅವಳಿಗೆ ಎಚ್ಚರ ಇದೆ, ಮೈ ಅಲುಗಾಡುವುದಿಲ್ಲ, ಎದೆಯ ಮೇಲೆ ಏನೋ ಕೂತಿದೆ. ಅದು ಬೇರೆಯೇ ತೊಂದರೆ, ನಿದ್ರಾ ಪಾರ್ಶ್ವವಾಯು. ಅದು ಆದವರಿಗೆ ಚೆನ್ನಾಗಿ ನೆನಪಿರುತ್ತದೆ. ಎರಡನ್ನೂ ಕಲಸಬೇಡ. ಹಾಗೆಯೇ ಪ್ರತಿ ಸಲ ರಾತ್ರಿ ಮೂರು ಗಂಟೆ ಯಾಕೆ? ಹತ್ತಕ್ಕೆ ಮಲಗಿದರೆ ಹನ್ನೊಂದೂವರೆಗೆ ಬೆಚ್ಚಲಿ. ಪಕ್ಕದ ಮನೆಯ ಟಿವಿ ಇನ್ನೂ ಹಾಡುತ್ತಿರಲಿ, ಅಮ್ಮ ಪಾತ್ರೆ ತೊಳೆಯುತ್ತಿರಲಿ, ಕೈಯೆಲ್ಲ ಸೋಪಿನ ನೊರೆಯಲ್ಲೇ ಓಡಿ ಬರಲಿ.

ಒಳ್ಳೆಯದನ್ನೂ ಹೇಳಬೇಕು. 34ನೇ ಪುಟದಲ್ಲಿ ರೂಮ್‌ಮೇಟ್ ಬೆಳಗ್ಗೆ ಎದ್ದು ಏನೂ ಹೇಳದೆ ಚಹಾ ಮಾಡಿ ಕೊಡುತ್ತಾಳೆ. ಅವಳ ಮೊಣಕೈಯಲ್ಲಿ ಉಗುರಿನ ಗೀರು. ನಾಯಕಿ ನೋಡಿ, ಬೆಕ್ಕಾ ಅಂತ ಕೇಳುತ್ತಾಳೆ. ಅವಳು ಹೂಂ ಅನ್ನುತ್ತಾಳೆ. ನಾನು ಆ ಪುಟವನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಇದು ನೀನು ಕಟ್ಟಿದ್ದಲ್ಲ, ಆದದ್ದು ಅಂತ ಓದುವಾಗಲೇ ಗೊತ್ತಾಗುತ್ತದೆ. ಬರೆಯುವ ಕೈ ಇದು. ಇದನ್ನು ಇಟ್ಟುಕೊಂಡು ಬಿಟ್ಟುಬಿಡಲಾ ಅಂತ ಕೇಳುತ್ತೀಯಲ್ಲ!

ಇನ್ನೊಂದು, ಇದು ಬರವಣಿಗೆಯ ಮಾತಲ್ಲ. ದೊಡ್ಡವರಿಗೆ ಇದು ಮರಳಿ ಬರುವುದು ಕಡಿಮೆ. ನಿದ್ದೆಗೆಟ್ಟರೆ, ಮನಸ್ಸಿಗೆ ಒತ್ತಡ ಜಾಸ್ತಿ ಆದರೆ ಬರಬಹುದು. ದೊಡ್ಡವರು ಹಾಸಿಗೆಯಿಂದ ಎದ್ದು ಓಡಿ ಪೆಟ್ಟು ಮಾಡಿಕೊಳ್ಳುವುದೂ ಉಂಟು. ಮಣಿಪಾಲದಲ್ಲೋ ಮಂಗಳೂರಿನಲ್ಲೋ ಒಬ್ಬ ವೈದ್ಯರಿಗೆ ತೋರಿಸು. ಸಿನಿಮಾಕ್ಕೆ ಬೇಕು ಅಂತ ಸುಮ್ನೆ ಅದನ್ನು ಸಾಕಿಕೊಳ್ಳಬೇಡ.

ನಿನ್ನ ಅಮ್ಮ ಸುರತ್ಕಲ್ಲಿನಲ್ಲೇ ಇದ್ದಾರೆ ಅಂತ ಬರೆದಿದ್ದೀಯ. ಈ ಶನಿವಾರ ಬಸ್ಸು ಹತ್ತು. ಹೋದ ಕೂಡಲೇ ಕೇಳಬೇಡ. ಫೋನಿನಲ್ಲಿ ರೆಕಾರ್ಡ್ ಮಾಡಬೇಡ. ಅವರು ಮೀನು ಕ್ಲೀನ್ ಮಾಡುವಾಗಲೋ, ಬಟ್ಟೆ ಮಡಚುವಾಗಲೋ ಪಕ್ಕದಲ್ಲಿ ಕೂತುಕೋ, ನೀನೂ ಕೈ ಹಚ್ಚು. ಅವರ ಕೈ ಕೆಲಸದಲ್ಲಿ ಇರುವಾಗ ಕೇಳು, ನಾನು ಯಾರನ್ನು ನೋಡಿ ಕಿರುಚುತ್ತಿದ್ದೆ ಅಂತ. ಉತ್ತರ ಹೇಳಲಿಕ್ಕೆ ಅವರು ಹೊತ್ತು ತೆಗೆದುಕೊಂಡರೆ ನೀನು ನಡುವೆ ಮಾತಾಡಬೇಡ.

ನಿನ್ನ ಪ್ರತಿ ನನ್ನ ಬಳಿಯೇ ಇರಲಿ. 12ನೇ ಪುಟ ಮಾತ್ರ ಈ ಪತ್ರದ ಜೊತೆ ಹಿಂದೆ ಕಳಿಸುತ್ತಿದ್ದೇನೆ. ಅದರ ಹಿಂಬದಿ ಖಾಲಿ ಇದೆ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ, ಅದರಲ್ಲಿ ಬರೆದು ನನಗೆ ಕಳಿಸು.

ನಿನ್ನ,
ಉದ್ಯಾವರದ ಅಣ್ಣ